ಟ್ಯಾಂಕಿನ ನೆರಳಲ್ಲಿ ಸದನದ ಸುದ್ದಿ

ಮದುವೆಯಾಗಿ ಬಿಜಾಪುರದ ಕಡೆಯಿಂದ ಬೆಂಗಳೂರಿಗೆ ಬಂದ ಮೊದಲ ವರ್ಷ ಇಲ್ಲಿನವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅರ್ಧ ತಿಳಿಯುತ್ತಿತ್ತು. ನನ್ನ ಗಂಡ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇಥ್ ಕೆಲಸಕ್ಕಿದ್ದರು. ನಾನು ಪಿಯುಸಿ ಮುಗಿಸಿದ್ದೆ, ಆದರೆ ಸಿಕ್ಕಿದ್ದು ಗಾರ್ಮೆಂಟ್ಸ್ ಕೆಲಸ. ಹೊಲಿದು ಬಂದ ಅಂಗಿಗಳಲ್ಲಿ ಬಿಟ್ಟುಹೋದ ಹೊಲಿಗೆ, ತಪ್ಪಿದ ಗುಂಡಿ ಹುಡುಕಿ ಗುರುತು ಹಾಕುವುದು. ಟಿ. ದಾಸರಹಳ್ಳಿಯ ಬಸ್ ಸ್ಟಾಪಿನಿಂದ ಒಳಗೆ ಹದಿನೈದು ನಿಮಿಷ ನಡೆದರೆ ನಮ್ಮ ವಠಾರ. ಬಾಡಿಗೆಗೆ ಎಂಟು ಕೋಣೆ, ಎರಡು ಬಚ್ಚಲು, ಮುಂದುಗಡೆ ಓನರ್ ಅಜ್ಜಿಯ ಮನೆ, ಎಲ್ಲರಿಗೂ ಸೇರಿ ಒಂದೇ ಕರೆಂಟ್ ಮೀಟರ್.

ಆ ಒಂದು ಮೀಟರಿನ ದೆಸೆಯಿಂದಲೇ ನಾನು ನಮ್ಮ ಶಾಸಕರನ್ನು ಕಂಡದ್ದು.

ಆಗ ರೇಷನ್ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಮನೆಯ ಕರೆಂಟ್ ಮೀಟರಿನ ನಂಬರ್ ಕೊಡಬೇಕಿತ್ತು. ನಾನು ಕೆಲಸಕ್ಕೆ ರಜೆ ಹಾಕಿ, ರೇಷನ್ ಕಚೇರಿಯ ಸಾಲಿನಲ್ಲಿ ನಿಂತು, ನಂಬರ್ ಕೊಟ್ಟೆ. ಕೌಂಟರಿನಲ್ಲಿದ್ದವರು ಒತ್ತಿ ನೋಡಿ, "ಈ ನಂಬರ್‌ಗೆ ಆಗ್ಲೇ ಕಾರ್ಡ್ ಇದೆಯಲ್ಲಮ್ಮ, ಇನ್ನೊಂದನ್ನ ಕಂಪ್ಯೂಟರ್ ತಗೊಳಲ್ಲ" ಎಂದರು. ಇದ್ದದ್ದು ನಮ್ಮ ಓನರ್ ಅಜ್ಜಿಯ ಕಾರ್ಡು. ಉಳಿದ ಎಂಟು ಕೋಣೆಯವರು ಕಂಪ್ಯೂಟರಿನ ಲೆಕ್ಕದಲ್ಲಿ ಇರಲೇ ಇಲ್ಲ. ಕಾರ್ಡಿಲ್ಲದಿದ್ದರೆ ಅಕ್ಕಿ ಹೋಗಲಿ, ಸ್ಟೋವಿಗೆ ಸೀಮೆಎಣ್ಣೆಯೂ ಸಿಗದು. ಇನ್ನೂ ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಅಲ್ಲಿಯೇ ಸಾಲಿನಲ್ಲಿದ್ದ ಒಬ್ಬ ಹೆಂಗಸು, "ಭಾನುವಾರ ಎಮ್ಮೆಲ್ಲೆ ಟ್ಯಾಂಕ್ ಹತ್ರ ಬರ್ತಾರಲ್ಲ, ಅವ್ರನ್ನ ಕೇಳು" ಎಂದಳು.

ನಮ್ಮ ಶಾಸಕರಿಗೆ ಅರವತ್ತು ದಾಟಿತ್ತು. ಈ ಭಾಗದ ಹಳೆಯ ಊರಿನವರೇ. ಅವರು ಹುಡುಗರಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಶೆಡ್ಡುಗಳು ನಿಂತಿದ್ದವು. ಅವರಿಗೆ ಒಂದು ಪದ್ಧತಿಯಿತ್ತು. ವಿಧಾನಸಭೆಯ ಅಧಿವೇಶನ ಕೊನೆಯ ವಾರಕ್ಕೆ ಬಂತೆಂದರೆ, ಅದಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಕೆಳಗೆ, ಅದರ ಕಂಬಗಳ ನಡುವಿನ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅಲ್ಲಿಯವರೆಗೆ ಸದನದಲ್ಲಿ ಏನೇನು ನಡೆಯಿತು ಎಂದು ಹೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಹೇಳಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಮುಗುದ್ಮೇಲೆ ಏಳಿದ್ರೆ ನೀವು ಬೈಬೋದು ಅಷ್ಟೇಯ. ಇನ್ನೂ ನಾಕ್ ದಿನ ಐತೆ ಅನ್ನಂಗೆ ಏಳಿದ್ರೆ, ನಾನ್ ಮರ್ತಿದ್ದನ್ನ ನೀವು ನೆಪ್ಪು ಮಾಡ್ಬೋದು" ಎಂದಿದ್ದರಂತೆ.

ನಾನು ಹೋದ ದಿನ ಐವತ್ತು ಜನ ಇದ್ದಿರಬೇಕು. ಅವರು ಕನ್ನಡಕ ಹಾಕಿಕೊಂಡು ಒಂದು ಸಣ್ಣ ಪುಸ್ತಕ ನೋಡಿ ಹೇಳುತ್ತಿದ್ದರು.

"ಸೋಮ್ವಾರ ಮೋರಿ ಇಚಾರ ಮಾತಾಡ್ದೆ. ಮಂತ್ರಿಗಳು ಮಾಡಿಸ್ಕೊಡ್ತೀನಿ ಅಂದ್ರು. ಮಂಗ್ಳವಾರ ಮಾತಾಡಕ್ಕೆ ಟೇಮು ಸಿಗ್ಲಿಲ್ಲ. ಬುಧ್ವಾರ ಗಲಾಟೆ ಆಗಿ ಸದನ ಮುಂದಕ್ಕೆ ಓಯ್ತು. ನಾನೂ ಕೂಗ್ದೆ."

"ಯಾತಕ್ ಕೂಗಿದ್ರಿ?" ಎಂದರು ಹಿಂದಿನಿಂದ ಯಾರೋ.

ಅವರು ಪುಸ್ತಕದ ಹಾಳೆ ತಿರುವಿ ನೋಡಿದರು. "ಬರ್ಕೊಂಡಿಲ್ಲ ಕಣಪ್ಪ. ಎಲ್ರೂ ಕೂಗ್ತಿದ್ರು" ಎಂದರು.

ಜನ ನಕ್ಕರು, ಅವರೂ ನಕ್ಕರು. ಶಾಸಕರೆಂದರೆ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತವರು ಎಂದಷ್ಟೇ ತಿಳಿದಿದ್ದ ನನಗೆ ಆ ನಗು ಧೈರ್ಯ ಕೊಟ್ಟಿತು. ಎದ್ದು ನಿಂತೆ.

"ಸಾಹೇಬ್ರ, ನಮ್ಮ ವಠಾರದಾಗ ಎಂಟ ಮನಿ ಅದಾವ್ರಿ, ಮೀಟರ್ ಒಂದ ಐತ್ರಿ. ಒಂದ ಮೀಟರಿಗೆ ಒಂದ ಕಾರ್ಡ್ ಅಂತಾರ್ರಿ. ಹಂಗಾದ್ರ ಉಳದವ್ರು ಏನ್ ಉಣಬೇಕ್ರಿ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇನ್ನೊಂದ್ಸಲ ಏಳವ್ವ, ನಿಧಾನಕ್ಕೆ." ನಾನು ಮತ್ತೆ ಹೇಳಿದೆ. ಬಗ್ಗಿ ಬರೆದುಕೊಂಡರು. "ಪ್ರಶ್ನೆ ಕೇಳ್ಬೇಕು ಅಂದ್ರೆ ಮುಂಚೇನೇ ಬರ್ದು ಕೊಟ್ಟಿರ್ಬೇಕು ತಾಯಿ. ಈ ಸಲಕ್ಕೆ ಆಗಾಕಿಲ್ಲ. ಮುಂದಿನ ಅಧಿವೇಶನಕ್ಕೆ ಕೇಳ್ತೀನಿ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಬರ್ಕೊಂಡ್ರಂದ್ರ ಮುಗೀತು ಬಿಡು" ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಮಳೆಗಾಲ ಕಳೆದು ಚಳಿ ಬಂತು. ಆ ಸಲದ ಅಧಿವೇಶನ ಬೆಳಗಾವಿಯಲ್ಲಿ. ನಡುವಿನ ಭಾನುವಾರಕ್ಕೆಂದು ಶಾಸಕರು ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು ಟ್ಯಾಂಕಿನ ಕೆಳಗೆ ಕೂತಿದ್ದರು. ಎದುರಿಗೆ ಮೇಜಿನ ಮೇಲೆ ಅಲ್ಲಿಯ ಸಿಹಿ ಕುಂದಾದ ಪೆಟ್ಟಿಗೆ, ಬಂದವರಿಗೆಲ್ಲ ಒಂದೊಂದು ಚಮಚ. ನನ್ನನ್ನು ಕಂಡಿದ್ದೇ, "ಬಾರವ್ವ, ನಿಮ್ಮೂರಿಗೇ ಓಗಿ ನಿನ್ ಪ್ರಶ್ನೆ ಕೇಳ್ಕಂಡ್ ಬಂದಿವ್ನಿ" ಎಂದರು. ನಮ್ಮೂರಿಗೂ ಬೆಳಗಾವಿಗೂ ಅರ್ಧ ದಿನದ ದಾರಿ. ಆದರೆ ತುಮಕೂರು ದಾಟಿದರೆ ಅವರಿಗೆ ಎಲ್ಲವೂ ಒಂದೇ ಊರು. ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವರು ಮರೆತಿರಲಿಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಉತ್ತರ ಅಚ್ಚಾಗಿ ಬಂದಿತ್ತು. ಶಾಸಕರು ಎದ್ದು ನಿಂತು ಓದತೊಡಗಿದರು. "ಸದರಿ ವಿದ್ಯುತ್ ಸ್ಥಾವರ ಸಂಖ್ಯೆಗೆ ಈಗಾಗಲೇ ಪಡಿತರ ಚೀಟಿ ವಿತರಣೆಯಾಗಿದ್ದಾಗ್ಯೂ..." ಎಂದು ನಿಂತರು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ವಾಕ್ಯ ಮುಗಿಯುವ ಲಕ್ಷಣ ಕಾಣದೆ ಹಾಳೆಯನ್ನು ತಮ್ಮ ಪಿ.ಎ. ಕೈಗೆ ಕೊಟ್ಟರು. ಪಿ.ಎ. ಒಂದೇ ಉಸಿರಿನಲ್ಲಿ ಗಡಗಡ ಓದಿ ಮುಗಿಸಿದರು.

"ಯಾರ್‌ಗೆ ಅರ್ಥ ಆಯ್ತು, ಕೈ ಎತ್ತಿ" ಎಂದರು ಶಾಸಕರು.

ಯಾರೂ ಎತ್ತಲಿಲ್ಲ. ಪಿ.ಎ. ಕೂಡ.

"ನಂಗೂ ಆಗ್ನಿಲ್ಲ. ಪ್ರಶ್ನೆ ನಿಂದಲ್ವಾ ತಾಯಿ, ನೀನೇ ಓದು."

ನಾನು ಹಾಳೆ ತೆಗೆದುಕೊಂಡು ಮನಸ್ಸಿನಲ್ಲೇ ಎರಡು ಸಲ ಓದಿದೆ. ಅಂಗಿಯ ಹೊಲಿಗೆ ನೋಡಿದ ಹಾಗೆ ನೋಡಿದೆ ಎನ್ನಬಹುದು. ಎಲ್ಲಿ ಶುರು, ಎಲ್ಲಿ ಕೊನೆ, ಎಲ್ಲಿ ಬಿಟ್ಟಿದ್ದಾರೆ. ಆಮೇಲೆ ನನಗೆ ಬರುವ ಮಾತಿನಲ್ಲೇ ಹೇಳಿದೆ.

"ಮೀಟರ್ ಒಂದ ಇದ್ರೂ ಕಾರ್ಡ್ ಕೊಡಾಕ ಬರ್ತೈತಂತ್ರಿ. ಆದ್ರ ಮನಿ ಮಾಲಕ್ರು, ಇವರು ನಮ್ಮ ಬಾಡಿಗಿ ಮಂದಿ ಅಂತ ಒಂದ ಕಾಗದದಾಗ ಬರದ ಸಹಿ ಮಾಡಿ ಕೊಡಬೇಕ್ರಿ. ಅದನ್ನ ಕೊಟ್ರ ಕಾರ್ಡ್ ಕೊಡ್ತೀವಿ ಅಂತ ಅಂದಿಲ್ರಿ. ನೋಡ್ತೀವಿ ಅಂದಾರ್ರಿ."

ಜನ ಒಟ್ಟಿಗೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಶಾಸಕರು. "ನೋಡ್ದಾ, ಇಷ್ಟ್ ಏಳಕ್ಕೆ ಅವ್ರು ಒಂದ್ ಪುಟ ಮಾಡವ್ರೆ" ಎಂದು ಪಿ.ಎ. ಕಡೆ ತಿರುಗಿದರು. ನನಗೆ ಎರಡನೆಯ ಚಮಚ ಕುಂದಾ ಸಿಕ್ಕಿತು.

ಆದರೆ ಓನರ್ ಅಜ್ಜಿ ಸಹಿ ಮಾಡಲು ಒಪ್ಪಲಿಲ್ಲ. ಗಂಡ ಹೋದ ಮೇಲೆ ಒಂದೊಂದೇ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿ ಕೊಟ್ಟವರು. "ಬರ್ಕೊಟ್ರೆ ಮನೆ ನಿಮ್ದೇ ಆಗೋಯ್ತದಂತೆ, ಪಕ್ಕದ್ ಬೀದೀಲಿ ಇಂಗೇ ಆಯ್ತಂತೆ" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ವಠಾರದ ಹೆಂಗಸರೆಲ್ಲ ಸೇರಿ ಕೇಳಿದರೂ ಅದೇ ಮಾತು. ನಾನು ಶಾಸಕರ ಕಚೇರಿಗೆ ಹೋಗಿ ಪಿ.ಎ.ಗೆ ಹೇಳಿ ಬಂದೆ.

ಅಧಿವೇಶನ ಮುಗಿದ ಮಾರನೆಯ ದಿನ ಸಂಜೆ ಶಾಸಕರು ವಠಾರಕ್ಕೆ ಬಂದರು. ಜೊತೆಗೆ ಪಿ.ಎ. ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಅವರ ಮಂಡಿನೋವು ವಿಚಾರಿಸಿ, ಅದಕ್ಕೆ ತಮ್ಮ ಮಂಡಿನೋವನ್ನೂ ಸೇರಿಸಿ, ಸುಮಾರು ಹೊತ್ತು ಮಾತಾಡಿದರು. ಸಹಿ ಹಾಕಿ ಎಂದು ಒಂದು ಸಲವೂ ಅನ್ನಲಿಲ್ಲ. ಆಮೇಲೆ ನನ್ನನ್ನು ಕರೆದು, "ಆ ಉತ್ತರ ಅಮ್ಮಂಗೂ ಓದಿ ಏಳವ್ವ. ಅದ್ರಲ್ಲಿ ಮನೆ ಬುಟ್ಕೊಡ್ಬೇಕು ಅಂತ ಎಲ್ಲಾರ ಐತಾ ನೋಡು" ಎಂದರು.

ನಾನು ಅಜ್ಜಿಯ ಕಾಲ ಬಳಿ ಕೂತು ಒಂದೊಂದೇ ಸಾಲು ಓದಿ, ಒಂದೊಂದಕ್ಕೂ ಅರ್ಥ ಹೇಳಿದೆ. ಅಜ್ಜಿ ಮಧ್ಯೆ ಮಧ್ಯೆ ತಡೆದು, "ಮತ್ತೆ ಓದು" ಎನ್ನುತ್ತಿದ್ದರು. ಎಲ್ಲಿಯೂ ಮನೆ ಹೋಗುವ ಮಾತಿರಲಿಲ್ಲ. ಕೊನೆಗೆ ಅಜ್ಜಿ, "ನೀನು ಸುಳ್ಳು ಓದಲ್ಲ" ಎಂದರು. ನನ್ನನ್ನು ನಂಬಿದರೋ, ಮಜ್ಜಿಗೆ ಕುಡಿದು ಕೂತಿದ್ದ ಶಾಸಕರ ಮುಲಾಜಿಗೆ ಬಿದ್ದರೋ ನನಗಿನ್ನೂ ಗೊತ್ತಿಲ್ಲ. ಎಂಟು ಕಾಗದಕ್ಕೂ ಸಹಿ ಹಾಕಿದರು. ಪೆನ್ನು ಹಿಡಿದು ಅಭ್ಯಾಸವಿಲ್ಲದ ಕೈ. ಒಂದೊಂದು ಸಹಿಗೂ ಒಂದೊಂದು ವಿರಾಮ. ಶಾಸಕರು ಎಂಟನೆಯದು ಮುಗಿಯುವವರೆಗೂ ಎದ್ದೇಳಲಿಲ್ಲ.

ಕಾರ್ಡು ಬರಲು ಮತ್ತೆ ಆರೇಳು ತಿಂಗಳು ಹಿಡಿಯಿತು. ನಮ್ಮ ಕಾರ್ಡಿನಲ್ಲಿ ಗಂಡನ ವಯಸ್ಸು ತಪ್ಪಾಗಿ ಬಿದ್ದು, ಅವರು ನನಗಿಂತ ನಾಲ್ಕು ವರ್ಷ ಚಿಕ್ಕವರಾಗಿದ್ದರು. ಸರಿಪಡಿಸಲು ಇನ್ನೊಂದು ಸಾಲಿನಲ್ಲಿ ನಿಲ್ಲಬೇಕೆಂದಾಗ, "ಇರ್ಲಿ ಬಿಡು, ಸಣ್ಣಾಂವ ಅಂತ ಸ್ವಲ್ಪ ಮುದ್ದ ಮಾಡು" ಎಂದು ನಕ್ಕುಬಿಟ್ಟರು.

ಅಲ್ಲಿಂದ ಮುಂದೆ ಪ್ರತಿ ಅಧಿವೇಶನದ ಕೊನೆಯ ವಾರ ಹತ್ತಿರ ಬಂದಾಗ ಶಾಸಕರು ಉತ್ತರಗಳನ್ನು ಶನಿವಾರವೇ ನನಗೆ ಕಳಿಸುತ್ತಿದ್ದರು. ನಾನು ಓದಿಟ್ಟುಕೊಂಡು ಭಾನುವಾರ ಟ್ಯಾಂಕಿನ ಕೆಳಗೆ ಹೇಳುತ್ತಿದ್ದೆ. ಮೊದಲು ನನ್ನ ಮಾತಿಗೆ ಮುಸಿಮುಸಿ ನಗುತ್ತಿದ್ದ ಹುಡುಗಿಯರು ಆಮೇಲಾಮೇಲೆ, "ಅಕ್ಕ, ನಿಮ್ಮ ಬಿಜಾಪುರದಲ್ಲಿ ಹೇಳಿ" ಎಂದು ಕೇಳುವಂತಾದರು. ನಮ್ಮ ಕಡೆಯಿಂದ ಕೆಲಸಕ್ಕೆ ಬಂದಿದ್ದವರು, ಅದುವರೆಗೆ ಇಂಥ ಕಡೆ ತಲೆ ಹಾಕದವರು, ಹಿಂದಿನ ಸಾಲಿನಲ್ಲಿ ಬಂದು ಕೂರತೊಡಗಿದರು.

ಒಮ್ಮೆ ಮಾತ್ರ ಜಗಳವಾಯಿತು. ಶಿಫ್ಟ್ ಬಿಡುವ ಹೊತ್ತಿಗೆ ಗಾರ್ಮೆಂಟ್ಸ್ ಹೆಂಗಸರಿಗೆ ಬಸ್ಸು ಬೇಕೆಂದು ಶಾಸಕರು ಕೇಳಿದ್ದರು. ಬಂದ ಉತ್ತರದಲ್ಲಿ "ಪ್ರಸ್ತಾವನೆಯು ಪರಿಶೀಲನೆಯಲ್ಲಿರುತ್ತದೆ" ಎಂದಿತ್ತು. ಹಿಂದಿನ ಅಧಿವೇಶನದಲ್ಲಿ ಬಂದಿದ್ದೂ ಅದೇ ಸಾಲು. ನಾನು ಎದ್ದು, "ಬಸ್ ಬರಂಗಿಲ್ರಿ" ಎಂದು ಕೂತುಬಿಟ್ಟೆ. ಪಿ.ಎ. ಸಿಟ್ಟಾದರು.

"ಹಾಗಂತ ಎಲ್ಲಿ ಬರೆದಿದೆ ಮೇಡಂ? ಸಾರ್ ಹೆಸರು ಹಾಳು ಮಾಡ್ತೀರಾ?"

ನನಗೂ ಭಯವಾಯಿತು. ಜನರ ಮುಂದೆ ಅವರ ಸೋಲನ್ನು ಹೇಳಿಬಿಟ್ಟೆನೇನೋ ಎನಿಸಿ ಶಾಸಕರ ಮುಖ ನೋಡಿದೆ. ಅವರು ಸಣ್ಣ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು. ನಗಲಿಲ್ಲ. ಆಮೇಲೆ, "ಬುಡಪ್ಪ, ಅವ್ಳು ಸರಿಯಾಗೇ ಓದವ್ಳೆ. ನಾನೇ ಎರಡ್ಸಲ ಕೇಳಿ ಸುಮ್ಕಾಗ್ಬುಟ್ಟೆ" ಎಂದರು. ಜನರ ಕಡೆ ತಿರುಗಿ, "ಇನ್ನೂ ನಾಕ್ ದಿನ ಐತೆ. ಮಂತ್ರಿಗಳನ್ನ ಸದನದ ಮೊಗಸಾಲೇಲೇ ಇಡ್ಕಂಡು ಕೇಳ್ತೀನಿ" ಎಂದರು. ಕೇಳಿದರಂತೆ. ಎರಡು ತಿಂಗಳ ಮೇಲೆ ಸಂಜೆ ಒಂದು ಬಸ್ಸು ಶುರುವಾಯಿತು. ನಾವು ಕೇಳಿದ್ದು ಮೂರು. ಬಂದ ಒಂದರಲ್ಲೂ ಸೀಟು ಸಿಗುತ್ತಿರಲಿಲ್ಲ, ಆದರೂ ಕತ್ತಲಾಗುವ ಮೊದಲು ಮನೆ ಸೇರುತ್ತಿದ್ದೆವು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಕಾರಣಗಳನ್ನು ಬೇರೆಯವರು ಬೇರೆ ಬೇರೆ ಥರ ಹೇಳುತ್ತಾರೆ, ನನಗೆ ಆ ಲೆಕ್ಕ ತಿಳಿಯದು. ಫಲಿತಾಂಶದ ದಿನ ನಮ್ಮ ವಠಾರದಲ್ಲಿ ಯಾರಿಗೂ ಅಡುಗೆ ಮಾಡುವ ಮನಸ್ಸಿರಲಿಲ್ಲ. ಓನರ್ ಅಜ್ಜಿ ಎಲ್ಲರಿಗೂ ಸೇರಿಸಿ ಚಿತ್ರಾನ್ನ ಮಾಡಿದರು. ಹೊಸಬರು ಬಂದ ಮೇಲೆ ಅಧಿವೇಶನದ ಸುದ್ದಿ ಫೋನಿಗೆ ಮೆಸೇಜಾಗಿ ಬರತೊಡಗಿತು. ಟ್ಯಾಂಕಿನ ಕೆಳಗೆ ಸೊಪ್ಪಿನ ಗಾಡಿಗಳು ನಿಂತವು.

ನಮ್ಮ ಕಡೆ ಮೆಟ್ರೋ ಓಡಲು ಶುರುವಾದ ವರ್ಷ ಒಂದು ಭಾನುವಾರ ಹಳೆಯ ಶಾಸಕರು ನಮ್ಮ ಕೋಣೆಯ ಬಾಗಿಲಿಗೆ ಬಂದರು. ಒಬ್ಬರೇ, ನಡೆದುಕೊಂಡು. ಎಷ್ಟೋ ಸಲ ವಠಾರದವರೆಗೆ ಬಂದಿದ್ದರೂ ನಮ್ಮ ಕೋಣೆಯೊಳಗೆ ಬಂದದ್ದು ಅದೇ ಮೊದಲು. ಮಂಚದ ಮೇಲೆ ಕೂತು, ಅಷ್ಟರಲ್ಲಿ ಹುಟ್ಟಿದ್ದ ನಮ್ಮ ಮಗಳ ಕೆನ್ನೆ ಮುಟ್ಟಿ, ಜೇಬಿನಿಂದ ಒಂದು ನೋಟೀಸು ತೆಗೆದರು.

"ನನ್ ಮನೆಗೇ ಬಂದೈತೆ. ಮೂರ್ ದಿನದಿಂದ ಓದ್ತಾವ್ನಿ. ನೀನ್ ಏಳವ್ವ."

ಓದಿದೆ. ರಸ್ತೆ ಅಗಲ ಮಾಡಲು ಅವರ ಮನೆಯ ಮುಂದಿನ ಜಗಲಿ ಹೋಗುತ್ತದೆ ಎಂದಿತ್ತು. ಹೇಗೆ ಹೇಳಲಿ ಎಂದು ಯೋಚಿಸಿ, ಮೆತ್ತಗೆ ಹೇಳಲು ಬರದೆ, "ಜಗಲಿ ಹೋಗ್ತೈತ್ರಿ ಸಾಹೇಬ್ರ. ಮನಿಗೆ ಏನೂ ಆಗಂಗಿಲ್ರಿ. ತಕರಾರ ಇದ್ರ ಒಂದ ತಿಂಗಳದಾಗ ಬರದ ಕೊಡ್ರಿ ಅಂದಾರ್ರಿ" ಎಂದೆ.

ಅವರು ತಲೆಯಾಡಿಸಿದರು. "ಆ ರಸ್ತೆ ಅಗಲ ಮಾಡಿ ಅಂತ ಸದನದಲ್ಲಿ ಕೇಳ್ದೋನೇ ನಾನು. ಈಗ ತಕರಾರು ಎತ್ತಿದ್ರೆ ನಗಾಕಿಲ್ವಾ ಜನ" ಎಂದರು. ಹಾಗೆಂದರೂ ನೋಟೀಸನ್ನು ಮತ್ತೆ ಬಿಡಿಸಿ ನೋಡಿದರು. ಆ ಜಗಲಿ ಅವರ ಅಪ್ಪ ಕಟ್ಟಿಸಿದ್ದಂತೆ.

ನನ್ನ ಗಂಡ ಚಹಾ ಮಾಡಿ ಕೊಟ್ಟರು. ಶಾಸಕರು ಲೋಟ ಹಿಡಿದು, ಗಾರ್ಮೆಂಟ್ಸಿನಲ್ಲಿ ಈಗ ಎಷ್ಟು ಹೊತ್ತಿಗೆ ಬಿಡುತ್ತಾರೆ, ಬಸ್ಸು ಇನ್ನೂ ಬರುತ್ತದೆಯೇ, ಸೀಟು ಸಿಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಎಲ್ಲವನ್ನೂ ಹೇಳಿದೆ. ಬರೆದುಕೊಳ್ಳಲು ಅವರ ಕೈಯಲ್ಲಿ ಪುಸ್ತಕವಿರಲಿಲ್ಲ. ಆದರೂ ಒಂದೊಂದು ಮಾತಿಗೂ "ಊಂ" ಎನ್ನುತ್ತ, ಚಹಾ ಆರಿಹೋಗುವವರೆಗೆ ಕೇಳಿಸಿಕೊಂಡರು.