ಕಸದ ಗುಡ್ಡದ ಮೇಲೆ ಕಾಕಿಯ ಕುರಿ

ಇವತ್ತು ಬೆಳಿಗ್ಗೆ ಇದೇ ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ನನ್ನ ಮಾನ ಹೋಯಿತು. ಇದೇ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಬೀಡಿ ಬಾಯಿಗಿಟ್ಟು ಕಡ್ಡಿ ತೆಗೆದರು. ಗೀರಿದ ಸದ್ದು ಕಿವಿಗೆ ಬಿದ್ದದ್ದೇ ತಡ, "ಗೀರಬ್ಯಾಡ್ರಿ!" ಎಂದು ಕೂಗಿಬಿಟ್ಟೆ. ಬೀಡಿ ಅವರ ಮಡಿಲಿಗೆ ಬಿತ್ತು. "ಯಾಕ್ರಿ ಸಾಹೇಬ್ರ, ಇಲ್ಲೇನ್ ಪೆಟ್ರೋಲ್ ಚೆಲ್ಲ್ಯದೇನು?" ಎಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಆದರೆ ಅವರ ಕಡ್ಡಿಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವಯಸ್ಸಾದ ಶಾಲಾ ಮಾಸ್ತರನಿಗೆ ಒಂದು ಬೆಂಕಿಕಡ್ಡಿಯ ಭಯವೇಕೆಂದು ನೀವೂ ಕೇಳುತ್ತೀರಿ. ಬಸ್ಸು ಬರುವವರೆಗೆ ಹೇಳುತ್ತೇನೆ.

ನಮ್ಮದು ನಾರಾಯಣಖೇಡದಾಚೆ, ನಾಗಲಗಿದ್ದದ ಕಡೆ, ಕುರಿ ಸಾಕುವ ಮನೆತನ. ಕಾಕಾ ತೀರಿಕೊಂಡ ಮೇಲೆ ಹಿಂಡು ನಡೆಸುವವಳು ನನ್ನ ಕಾಕಿ. ಕುರಿ ಬಿಟ್ಟು ಮಕ್ಕಳನ್ನು ಕಾಯಲು ಹೋದವನು ಮನೆಯಲ್ಲಿ ನಾನೊಬ್ಬನೇ. ಎರಡರಲ್ಲಿ ಮಾತು ಕೇಳುವವು ಯಾವುವೆಂದು ಕಾಕಿ ಈಗಲೂ ಕೆಣಕುತ್ತಾಳೆ. ಅವಳಿಗೆ ಮನೆಯ ತಿಪ್ಪೆಯೆಂದರೆ ಗೌರವ. ಸಗಣಿ, ಬೂದಿ, ಜೋಳದ ಕಸ ಬಿದ್ದರೆ ವರ್ಷದೊಳಗೆ ಗೊಬ್ಬರ. ಹತ್ತಿರದ ಪೇಟೆಯವರು ನಮ್ಮ ಹುಲ್ಲುಗಾವಲಿನ ಅಂಚಿಗೆ ಸುರಿಯುತ್ತಿದ್ದ ಕಸದ ಗುಡ್ಡವನ್ನು ಮಾತ್ರ ಅವಳು ತಿಪ್ಪೆಯೆಂದು ಕರೆಯಲೇ ಇಲ್ಲ. "ಅದು ಹೆಣ" ಎನ್ನುತ್ತಿದ್ದಳು. ಹೆಣವಾದರೂ ಸುಟ್ಟು ಬೂದಿಯಾಗುತ್ತದೆ, ಈ ಗುಡ್ಡ ವರ್ಷವಿಡೀ ಹೊಗೆಯಾಡುತ್ತಿತ್ತು. ಅಲ್ಲಿ ಮೇಯ್ದು ಬಂದ ಅವಳ ಗಬ್ಬದ ಕುರಿಯೊಂದು ಹೊಟ್ಟೆ ಉಬ್ಬಿ ಸತ್ತಿತು. ಸೀಳಿ ನೋಡಿದರೆ ಕ್ಯಾರಿಬ್ಯಾಗುಗಳ ಉಂಡೆ, ಮರಿಗಿಂತ ದೊಡ್ಡದು. ಅಂದಿನಿಂದ ಕಾಕಿ ಹಿಂಡನ್ನು ಆ ದಿಕ್ಕಿಗೆ ತಿರುಗಿಸಲಿಲ್ಲ.

ಆಮೇಲೆ ಗುಡ್ಡಕ್ಕೂ ಒಳ್ಳೆಯ ಕಾಲ ಬಂತು. ಪುರಸಭೆಯವರು ಯಂತ್ರ ತಂದು ಕಸಕ್ಕೆ ಜರಡಿ ಹಿಡಿದರು, ಪ್ಲಾಸ್ಟಿಕ್ ಬೇರ್ಪಡಿಸಿ ಲಾರಿಗಳಲ್ಲಿ ಸಾಗಿಸಿದರು, ಉಳಿದುದರ ಮೇಲೆ ದಪ್ಪಗೆ ಮಣ್ಣು ಹೊದಿಸಿದರು. ಅಲ್ಲಲ್ಲಿ ಎದೆಯೆತ್ತರದ ಪೈಪು ನೆಟ್ಟರು. ಬಾವುಟ ಕಟ್ಟಲಿಕ್ಕಿರಬೇಕೆಂದು ನಾನು ತಿಳಿದಿದ್ದೆ. ಹುಲ್ಲಿನ ಬೀಜ ಚೆಲ್ಲಿದರು, ಅದು ಏಳಲಿಲ್ಲ. ಹುಲ್ಲು ಹಿಡಿಯದಿದ್ದರೆ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗಿ ಕಸ ಮತ್ತೆ ಹೊರಬೀಳುತ್ತದೆಂದು ಅಲ್ಲಿನ ಸೂಪರ್‌ವೈಸರ್ ಒದ್ದಾಡುತ್ತಿದ್ದ. ನಮ್ಮ ಕಡೆ ಹೊಲ ಸೋತರೆ ಕುರಿ ನಿಲ್ಲಿಸುತ್ತಾರೆ. ಕುರುಬರನ್ನು ಮರ್ಯಾದೆಯಿಂದ ಕರೆದು, ಹಿಂಡು ಕೆಲವು ರಾತ್ರಿ ಆ ಹೊಲದಲ್ಲೇ ತಂಗುವಂತೆ ಮಾಡುತ್ತಾರೆ. ಹಿಕ್ಕೆ ಬಿದ್ದ ನೆಲಕ್ಕೆ ಜೀವ ಬರುತ್ತದೆ. ಗುಡ್ಡಕ್ಕೂ ಅದನ್ನೇ ಮಾಡಿಸೋಣವೆಂದು ಅವನು ನನ್ನನ್ನು ಹುಡುಕಿಕೊಂಡು ಬಂದ. ನಾನು ಕಾಕಿಯ ಹತ್ತಿರ ಹೋದೆ.

"ಹೆಣದ ಮ್ಯಾಲ ಕುರಿ ನಿಲ್ಲಸು ಅಂತೀ?"

"ಈಗ ಹೊಗಿ ಇಲ್ಲ, ಪ್ಲಾಸ್ಟಿಕ್ ಇಲ್ಲ ಕಾಕಿ. ಏನೂ ಆಗಂಗಿಲ್ಲ, ನಾ ಅದೀನಿ."

"ನೀ ಇದ್ರ ಆತೇನೋ? ನಾಳಿ ಕುರಿ ಸತ್ರ ನೀ ಹಾಲು ಕೊಡ್ತೀ?"

ಆದರೂ ಒಪ್ಪಿದಳು. ಕರೆದವರ ಹೊಲಕ್ಕೆ ಬೆನ್ನು ತೋರಿಸಬಾರದೆಂಬುದು ನಮ್ಮ ಮನೆಯ ಮಾತು. ಅದಕ್ಕಿಂತ ಹೆಚ್ಚಾಗಿ, ಓದಿದ ಮಗ ಹೇಳುತ್ತಿದ್ದಾನೆಂಬ ನಂಬಿಕೆ. ಆ ಹಿಂಡು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ.

ಮೊದಲ ದಿನ ಸಂಜೆ ನಾನೂ ಸೂಪರ್‌ವೈಸರೂ ನೀರಿನ ಡ್ರಮ್ಮು ಹಿಡಿದು ಗುಡ್ಡ ಏರುತ್ತಿದ್ದೆವು. ಹಿಂಡು ಆಗಲೇ ಮೇಲೆ ಮಲಗಿತ್ತು. ಕಾಕಿ ಒಂದು ಪೈಪಿನ ಬುಡದ ದಿಣ್ಣೆಯ ಮರೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಪೈಪಿನ ಬಾಯಿಗೆ ಹರಕು ಕಂಬಳಿ ತುರುಕಿದ್ದಳು. ಕೈಯಲ್ಲಿ ಕಡ್ಡಿಪೆಟ್ಟಿಗೆ.

ಸೂಪರ್‌ವೈಸರ್ ಡ್ರಮ್ಮು ಕೈಬಿಟ್ಟ. "ಅವ್ವಾ, ಕಡ್ಡಿ ಗೀರಬ್ಯಾಡ್ರಿ!" ಎನ್ನುತ್ತ ಓಡಿದ. ನಾನು ಓಡಲಿಲ್ಲ, ಉರುಳುತ್ತಿದ್ದ ಡ್ರಮ್ಮನ್ನು ಹಿಡಿದುಕೊಂಡೆ. ಎದುರುಗಾಳಿ ಜೋರಾಗಿತ್ತು. ಕೂಗು ಅವಳಿಗೆ ಕೇಳಿಸಿತೋ ಇಲ್ಲವೋ, ಕಡ್ಡಿಯನ್ನು ಪೆಟ್ಟಿಗೆಯ ಅಂಚಿಗೆ ಒತ್ತಿಕೊಂಡು ನಮ್ಮತ್ತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆ ಕೈ ಒಂದಿಷ್ಟು ಅಲುಗಿದರೆ ಕಾಕಿಯೂ ಇಲ್ಲ, ಕುರಿಯೂ ಇಲ್ಲ ಎಂದು ಅವನ ಓಟದಿಂದಲೇ ನನಗೆ ತಿಳಿಯಿತು. ಕೊನೆಗೆ ಅವಳು ಕಡ್ಡಿಯನ್ನು ಕೆಳಗೆ ಬಿಟ್ಟಳು.

ಅವನು ಕಂಬಳಿ ಕಿತ್ತೆಸೆದ. ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. "ಒಳಗ ಇನ್ನಾ ಕಸ ಕೊಳೀತದ ಅವ್ವಾ. ಅದರ ಗ್ಯಾಸು ಇದರಾಗಿಂದ ಹೊರಗ ಹೋಗಬೇಕು. ಬೆಂಕಿ ತಾಕಿದ್ರ ಭಗ್ ಅಂತದ. ಬಾಯಿ ಮುಚ್ಚಿದ್ರ ಮತ್ತೆಲ್ಲೋ ಮಣ್ಣು ಸೀಳಿ ಬರ್ತದ."

"ನಾರತಿತ್ತು, ಕುರಿಗಿ ತ್ರಾಸ ಆಗ್ತದಂತ ಮುಚ್ಚಿದೆ. ಹಂಗಾದ್ರ ಇದು ಸತ್ತಿಲ್ಲ, ಉಸರಾಡಾಕತ್ತದ. ಮೊದಲ ಯಾಕ ಹೇಳಲಿಲ್ಲಪ್ಪಾ?"

ಓದಿದ ಮಾಸ್ತರ ಹೇಳಿರುತ್ತಾನೆಂದುಕೊಂಡಿದ್ದ ಅವನು ನನ್ನ ಮುಖ ನೋಡಿದ. ನಾನು ಪೈಪಿನ ಮುಖ ನೋಡಿದೆ.

ಕಾಕಿ ಹಿಂಡನ್ನು ಆಗಲೇ ಇಳಿಸಿಕೊಂಡು ಹೋದಳು. ಕೆಲಸ ಅಲ್ಲಿಗೆ ಕೆಟ್ಟಿತೆಂದುಕೊಂಡೆವು. ಮರುದಿನ ನೋಡಿದರೆ ಕೊಡಲಿ ಹಿಡಿದು ಗುಡ್ಡದ ಮೇಲೆ ನಿಂತಿದ್ದಾಳೆ. ಕುರಿಗೆ ಕಟ್ಟುವ ಜಾಲಿಮುಳ್ಳಿನ ಬೇಲಿಯನ್ನು ಒಂದೊಂದು ಪೈಪಿನ ಸುತ್ತಲೂ ಕಟ್ಟಿದಳು. ಒಲೆಯನ್ನು ಕೆಳಗೆ ರಸ್ತೆಯಾಚೆ ಹೂಡಿದಳು. "ಮಳಿಗಿ ಮಣ್ಣು ಕೊಚ್ಚಿ ಇದು ಬಾಯಿ ತೆರದ್ರ ಮೊದಲ ಸಾಯವು ನನ್ನ ಕುರಿನೇ" ಎಂದಷ್ಟೇ ಹೇಳಿ ಹಿಂಡನ್ನು ಮತ್ತೆ ಏರಿಸಿದಳು. ಅಲ್ಲಿದ್ದಷ್ಟು ದಿನ ಬೆಳಿಗ್ಗೆ ಎದ್ದು ಒಂದೊಂದರ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಅವಳ ಕೈಯನ್ನೇ ನೋಡುತ್ತ ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ಒಂದಕ್ಕೂ ಏನೂ ಆಗಲಿಲ್ಲ. ಮಳೆ ಬಂತು, ಹುಲ್ಲು ಎದ್ದಿತು, ಮಣ್ಣು ನಿಂತಿತು.

ಆ ಸೂಪರ್‌ವೈಸರ್ ಈಗ ತಾಂಡೂರಿನ ಕಡೆ ಇದ್ದಾನೆ. ಅಲ್ಲಿಯೂ ಒಂದು ಗುಡ್ಡಕ್ಕೆ ಮಣ್ಣು ಹೊದಿಸಿದ್ದಾರಂತೆ, ಕುರಿ ನಿಲ್ಲಿಸಬೇಕಂತೆ. ಕಾಕಿಯ ಹಿಂಡು ಈ ವರ್ಷ ಯಾಲಾಲದ ಸುತ್ತ ಮೇಯುತ್ತಿದೆ. ನಿನ್ನೆ ಉತ್ಸಾಹದಿಂದ ಅವಳಿಗೆ ಫೋನು ಮಾಡಿ, ಎಲ್ಲಾ ಪಕ್ಕಾ ಇದೆ, ಹಿಂಡು ಹೊಡೆದುಕೊಂಡು ಬಾ ಎಂದೆ.

"ಮೊದಲ ನೀ ಹೋಗು" ಎಂದಳು ಕಾಕಿ. "ಒಂದೊಂದು ಪೈಪಿನ ಹತ್ರ ನಿಂದ್ರು. ಅಲ್ಲೇ ಮಲಗಿ ಎದ್ದು ಬಾ. ನೀ ಬಂದು ಹೇಳಿದ ಮ್ಯಾಲ ನನ್ನ ಕುರಿ ಬರ್ತಾವ."

ನಾನು ನಕ್ಕೆ. ಅವಳು ನಗಲಿಲ್ಲ.

ಅಗೋ, ತಾಂಡೂರಿನ ಬಸ್ಸು ಬಂತು. ಸ್ವಲ್ಪ ಸರಿಯಿರಿ, ಬೆಂಚಿನ ಕೆಳಗೆ ನನ್ನ ಹಾಸಿಗೆ ಇದೆ.