ಒಂದೇ ಲೈಟು ಉಜ್ಜಿದ ಮಧ್ಯಾಹ್ನ

ನಮ್ಮ ಕಾರಿನ ಹೆಡ್‌ಲೈಟ್ ಮಂಕಾಗಲು ಅಪ್ಪನ ಭಕ್ತಿಯೇ ಕಾರಣ ಎಂದು ನಾನು ಬಂದವರೆದುರೆಲ್ಲ ಹೇಳಿ ನಗಿಸುತ್ತಿದ್ದೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗ್‌ನಲ್ಲಿ ಅವರು ಕಾರು ತೊಳೆದು, ಎರಡೂ ಲೈಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಆ ಹಳೆಯ ವಿಭೂತಿ ತೆಗೆಯಲು ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು. ದೇವರ ಮುಂದಿನ ಹಿತ್ತಾಳೆಯ ದೀಪದ ಸಮೆ ತಿಕ್ಕಿದ ಹಾಗೆಯೇ ಲೈಟನ್ನೂ ತಿಕ್ಕುತ್ತಿದ್ದರು. ಅದು ಗಾಜಲ್ಲ, ಪ್ಲಾಸ್ಟಿಕ್ಕು, ಮೇಲಿನ ಪದರವೇ ಕಿತ್ತುಹೋಗುತ್ತದೆ ಎಂದರೆ, "ದೀಪ ಅಂದಮ್ಯಾಲ ದೀಪ" ಎನ್ನುತ್ತಿದ್ದರು. ಇಷ್ಟು ವರ್ಷ ಹೀಗೆ ತಿಕ್ಕಿಸಿಕೊಂಡು, ನಾವಿರುವ ಮಲಾಡಿನ ಬಿಸಿಲೂ ಸೇರಿ, ಎರಡೂ ಲೈಟು ಕೆನೆಗಟ್ಟಿದ ಚಹಾದ ಬಣ್ಣಕ್ಕೆ ಬಂದಿದ್ದವು.

ಅಪ್ಪ ಬೆಳಗಾವಿಯ ಕಡೆಯಿಂದ ಹರೆಯದಲ್ಲೇ ಮುಂಬೈಗೆ ಬಂದು, ಒಬ್ಬ ವ್ಯಾಪಾರಿಯ ಗಾಡಿ ಓಡಿಸುತ್ತ ಬದುಕು ಕಟ್ಟಿದವರು. ಈ ಕಾರು ಅವರ ಸ್ವಂತದ್ದು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಬೆಳಿಗ್ಗೆ ಆಫೀಸಿಗೆ ಹೋದರೆ ಅವರು ಇಡೀ ದಿನ ಟಿವಿಯ ಮುಂದೆ. ಅವರು ಕಾಯುತ್ತಿದ್ದುದು ಶನಿವಾರಕ್ಕೆ. ವಡಾಲದಲ್ಲಿ ಊರ ಕಡೆಯ ನಾಲ್ಕು ಜನ ಗೆಳೆಯರು ಸೇರುತ್ತಾರೆ. ಇಸ್ಪೀಟು, ಬೈಗುಳ, ಚಹಾ. ಮಂಡಿ ನೋವಿನಿಂದ ಸ್ಟೇಷನ್ನಿನ ಬ್ರಿಜ್ ಹತ್ತಲಾಗದು, ಲೋಕಲ್ ರೈಲು ಅವರ ಪಾಲಿಗಿಲ್ಲ. ಕಾರು ನಿಂತರೆ ಶನಿವಾರವೂ ನಿಂತಂತೆ. ನನಗೆ ಡ್ರೈವಿಂಗ್ ಬರುವುದಿಲ್ಲ, ಅಪ್ಪ ಕಲಿಸುತ್ತೇನೆ ಎಂದಾಗೆಲ್ಲ ನಾನೇ ಬೇಡವೆಂದಿದ್ದೆ.

ಕಳೆದ ಶ್ರಾವಣದ ಒಂದು ಶನಿವಾರ ನಾನೂ ಜೊತೆಗೆ ಹೋಗಿದ್ದೆ. ಬರುವಾಗ ಮಲಾಡ್ ಮಾರ್ಕೆಟ್ ಹತ್ತಿರ ದೀಪ ಹಚ್ಚುವ ಹೊತ್ತು, ಜಿಟಿಜಿಟಿ ಮಳೆ. ನಾನು ಹಿಂದೆ ಕುಳಿತು ಮೊಬೈಲ್ ನೋಡುತ್ತಿದ್ದೆ. ಏನೋ ತಾಗಿದ ಸದ್ದಾಯಿತು, ಕಾರು ಗಕ್ಕನೆ ನಿಂತಿತು. ಇಳಿದು ನೋಡಿದರೆ ಒಬ್ಬ ಹೆಂಗಸು ರಸ್ತೆಯಲ್ಲಿ ಕುಳಿತಿದ್ದಳು, ಅವಳ ಚೀಲದ ಟೊಮೆಟೊ ಕಾರಿನಡಿಗೆ ಉರುಳಿದ್ದವು. ಮೊಣಕೈ ತರಚಿ ರಕ್ತ ಬರುತ್ತಿತ್ತು. "ಕಾಕಾ, ದಿಸತ್ ನಾಹೀ ಕಾ?" ಎಂದಳು. ಕಣ್ಣು ಕಾಣಿಸುವುದಿಲ್ಲವೇ ಎಂಬ ಆ ಮಾತಿಗೆ ಅಪ್ಪ ನನ್ನ ಕಡೆ ತಿರುಗಿ, "ಲೈಟ್ ಪೂರಾ ಮಬ್ಬಾಗ್ಯಾವ. ರಸ್ತೆ ಮ್ಯಾಲ ಬೆಳಕ ಬೀಳವಲ್ದು" ಅಂದರು.

ಅವಳನ್ನು ಹತ್ತಿರದ ದವಾಖಾನೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿ ಮನೆಗೆ ಮುಟ್ಟಿಸಿದೆವು. ದಾರಿಯುದ್ದಕ್ಕೂ ನಾನು ಲೈಟನ್ನು ಬಯ್ದೆ, ಹುಣಸೆಹಣ್ಣನ್ನು ಬಯ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಹೊತ್ತು ಬಂದದ್ದು ಸಿಟ್ಟಲ್ಲ, ಹೆದರಿಕೆ. ಅಪ್ಪ ಹೇಳಿದ ಕಾರಣವನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಯಾಕೆಂದರೆ ಲೈಟಾದರೆ ಉಜ್ಜಬಹುದು.

ಮೊದಲು ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿದೆ. ಎರಡು ದಿನ ಹೊಳೆದು ಮತ್ತೆ ಮೊದಲಿನಂತೆಯೇ ಆಯಿತು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ, ಹಾರ್ಡ್‌ವೇರ್ ಅಂಗಡಿಯಿಂದ ಒರಟಿನಿಂದ ನುಣುಪಿನವರೆಗೆ ನಾಲ್ಕು ನಮೂನೆಯ, ನೀರು ಹಾಕಿ ತಿಕ್ಕುವ ವಾಟರ್ ಪೇಪರ್, ಬಣ್ಣ ಬಳಿಯುವವರ ಟೇಪು, ಪಾಲಿಶ್ ಮಾಡುವ ಕಂಪೌಂಡು ತಂದೆ. ಕೊನೆಗೆ ಮೇಲೊಂದು ಪದರ ಹೊಡೆಯಲು ಲ್ಯಾಕರಿನ ಡಬ್ಬಿ. ಅದನ್ನು ಹೊಡೆಯದಿದ್ದರೆ ಮಾಡಿದ ಕೆಲಸವೆಲ್ಲ ಆರು ತಿಂಗಳಲ್ಲಿ ಮತ್ತೆ ಹಳದಿ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೆಳಗಿಳಿದೆವು. ಲೈಟಿನ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದೆ. ಪೇಪರನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಪ್ಪ ಕಸಿದುಕೊಂಡರು. "ನಿನ್ನ ಸಿಟ್ಟಿಗೆ ತೂತ ಬಿದ್ದೀತು. ನೀ ನೀರ ಹಾಕು" ಅಂದರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಎಡಗಡೆಯ ಲೈಟು ಹಿಡಿದರು. ನಾನು ಸುರಿಯುತ್ತಾ ಹೋದೆ, ಅವರು ಒಂದೇ ದಿಕ್ಕಿಗೆ ತಿಕ್ಕುತ್ತಾ ಹೋದರು. ಹಳದಿ ಹಾಲಿನಂಥ ನೀರು ಬಂಪರಿನ ಮೇಲೆ ಇಳಿಯಿತು. ಮೊದಲ ಪೇಪರಾದ ಮೇಲೆ ಲೈಟು ಇನ್ನಷ್ಟು ಕುರುಡಾಗುತ್ತದೆ, ನೋಡಿದವರಿಗೆ ಕೆಲಸ ಕೆಟ್ಟಿತು ಅನ್ನಿಸುತ್ತದೆ. ವಾಚ್‌ಮನ್ ಬಂದು ನೋಡಿ, "ಅಂಕಲ್, ನಯಾ ಲಗಾ ದೋ ನಾ" ಎಂದು, ಹೊಸದನ್ನೇ ಹಾಕಿಸಲು ಹೇಳಿ ಹೋದ. ಅಪ್ಪ ಹೆಬ್ಬೆರಳಿನಿಂದ ಸವರಿ ಸವರಿ, ಎಲ್ಲಿ ಒರಟು ಉಳಿದಿದೆ ಎಂದು ಹುಡುಕಿ ಮುಂದಿನ ಪೇಪರಿಗೆ ಹೋಗುತ್ತಿದ್ದರು. ಒಂದೊಂದು ಪೇಪರಿಗೂ ಅದು ನುಣುಪಾಗುತ್ತ ಬಂತು. ಕಂಪೌಂಡು ಹಚ್ಚಿ ಬಟ್ಟೆಯಿಂದ ಉಜ್ಜಿದಾಗ ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿಬಟ್ಟಲು, ಎಲ್ಲ ಸ್ಪಷ್ಟವಾಗಿ ಕಂಡವು. ಅಷ್ಟು ಖುಷಿ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

"ಇನ್ನೊಂದ ಆಮ್ಯಾಲ ಮಾಡೂಣು. ಮೊದಲ ಹಚ್ಚಿ ನೋಡು" ಅಂದರು ಅಪ್ಪ.

ನಾನು ಡ್ರೈವರ್ ಸೀಟಿನಲ್ಲಿ ಕುಳಿತು ಚಾವಿ ತಿರುಗಿಸಿ ಲೈಟು ಹಚ್ಚಿದೆ. ಕಂಬಗಳ ನಡುವೆ ಮಧ್ಯಾಹ್ನವೂ ಕತ್ತಲು, ಎದುರಿಗೆ ಗೋಡೆ. ಎಡಗಡೆಯ ಬೆಳಕು ಗೋಡೆಯ ಮೇಲೆ ಅಂಚು ಕಟ್ಟಿಕೊಂಡು ಬೆಳ್ಳಗೆ ಬಿದ್ದಿತ್ತು, ಬಲಗಡೆಯದು ಹಳದಿಯಾಗಿ ಹರಡಿಹೋಗಿತ್ತು. ಚಿಕ್ಕ ಮಗುವೂ ವ್ಯತ್ಯಾಸ ಹೇಳುತ್ತಿತ್ತು. ಅಪ್ಪ ಗೋಡೆಯ ಹತ್ತಿರ ಹೋಗಿ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಎರಡೂ ಒಂದ ಥರಾ ಅದಾವಲ್ಲ" ಅಂದರು.

ನಾನು ಲೈಟು ಆರಿಸಿ ಮತ್ತೆ ಹಚ್ಚಿದೆ. ನನಗೆ ಗೊತ್ತಾಯಿತೆಂದು ಅದರಿಂದಲೇ ಅವರಿಗೆ ತಿಳಿದುಹೋಯಿತು. ಕಾರಿನ ಕಿಟಕಿಯ ಹತ್ತಿರ ಬಂದು, "ನಿಮ್ಮವ್ವ ಇದ್ದಿದ್ರ ಹೇಳತಿದ್ಳು" ಅಂದರು.

ಅವ್ವ ಯಾವಾಗಲೂ ಅಪ್ಪನ ಪಕ್ಕದಲ್ಲಿ ಕುಳಿತು, ಪರ್ಸು ತೊಡೆಯ ಮೇಲಿಟ್ಟುಕೊಂಡು, ಕಂಡದ್ದನ್ನೆಲ್ಲ ಹೇಳುತ್ತಾ ಹೋಗುವವಳು. ಎಡಕ ಆಟೋ ಬಂತು ನೋಡ್ರಿ. ಮುಂದ ಹಂಪ್ ಐತಿ. ಯಾರೋ ದಾಟಾಕತ್ತಾರ. ಹಿಂದೆ ಕುಳಿತ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಮ್ಮೆ ರೇಗಿ, "ಅವರಿಗೂ ಕಣ್ಣದಾವ, ನೀ ಬಾಯಿ ಮುಚ್ಚಿಕೊಂಡು ಕುಂದ್ರು" ಅಂದಿದ್ದೆ. ಅವ್ವ ಸುಮ್ಮನಾದಳು. ಒಂದೇ ನಿಮಿಷದಲ್ಲಿ ಅಪ್ಪ ಕಾರನ್ನು ಬದಿಗೆ ನಿಲ್ಲಿಸಿ, "ಅಂದ್ರ ಅನ್ಲಿ ಬಿಡ, ನಿನಗೇನ ತ್ರಾಸ" ಎಂದಿದ್ದರು. ಗಂಡ ಹೆಂಡಿರ ಸಲಿಗೆ ಎಂದುಕೊಂಡು ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೆ.

"ಕಣ್ಣ ತೋರಿಸಿದಾಗ ಡಾಕ್ಟರ್ ಏನಂದಿದ್ರು?" ಎಂದು ಕೇಳಿದೆ.

"ಸಕ್ಕರಿ ಕಾಯಿಲೆ ಕಣ್ಣಿನ ಒಳಗ ಹೊಕ್ಕೈತಿ ಅಂದ್ರು. ಹೋದದ್ದು ಹೊಳ್ಳಿ ಬರೂದಿಲ್ಲಂತ. ನಿಮ್ಮವ್ವಗಷ್ಟ ಗೊತ್ತಿತ್ತು" ಅಂದರು. ಕಿಟಕಿಯ ಅಂಚು ಹಿಡಿದುಕೊಂಡು, "ನೀ ಮುಂದ ಕುಂದ್ರತೀಯೇನು? ಆಕಿ ಹೇಳಿದಂಗ ಹೇಳ್ಕೋತ ಬಂದ್ರ ಸಾಕು. ಶನಿವಾರ ಒಂದ ದಿನ" ಎಂದು ಕೇಳಿದರು.

ಅಪ್ಪ ನನ್ನನ್ನು ಎಂದೂ ಏನೂ ಕೇಳಿದವರಲ್ಲ. ಹೂಂ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ರಸ್ತೆಯಲ್ಲಿ ಕುಳಿತು ಮೊಣಕೈ ಹಿಡಿದುಕೊಂಡಿದ್ದ ಆ ಹೆಂಗಸು ಕಣ್ಣ ಮುಂದೆ ಬಂದಳು.

"ಇಲ್ರಿ ಅಪ್ಪಾ" ಅಂದೆ.

ಅಪ್ಪ ಕಿಟಕಿಯಿಂದ ಕೈ ತೆಗೆದರು. "ಹಂಗಾದ್ರ ಲೈಟ್ ಆರಸು. ಬ್ಯಾಟರಿ ಇಳೀತೈತಿ" ಅಂದರಷ್ಟೇ.

ಲೈಟು ಆರಿಸಿ ಕೆಳಗಿಳಿದೆ. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುವಷ್ಟು ಸಂಕಟವಾಗಿ, ನಾನೇ ಚಾವಿಯನ್ನು ಅವರ ಮುಂದೆ ಚಾಚಿದೆ. ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು ಲಿಫ್ಟಿನ ಕಡೆ ನಡೆದರು.