ಟವೆಲ್ ಮೇಲಿನ ಅಂಗಡಿ

ಕೊಯಮತ್ತೂರಿನಿಂದ ಗೆಳೆಯರ ಜೊತೆ ಸೈಕಲ್ ಸವಾರಿ ಹೊರಟಿದ್ದೆ. ಅನ್ನೂರಿಗೆ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ನನ್ನ ಸೈಕಲ್ ಪಂಕ್ಚರ್ ಆಯಿತು. ಜೊತೆಗಾರರು ಆಗಲೇ ಮುಂದೆ ಹೋಗಿದ್ದರು, ಫೋನು ಬಡಿದುಕೊಳ್ಳುತ್ತಲೇ ಇತ್ತು. ಪ್ಯಾಚು ಸಿಗಲಿಲ್ಲವೆಂದು ರಸ್ತೆ ಬದಿ ಟವೆಲ್ ಹಾಸಿ ಚೀಲವನ್ನೇ ಸುರಿದೆ: ಪಂಪು, ಟಾರ್ಚು, ಮಳೆಕೋಟು, ಖರ್ಜೂರ, ಮುಲಾಮು. "ಹಾಳಾದ್ದು ಎಲ್ಲಿ ಹೋಯ್ತು" ಎಂದು ಗೊಣಗಿದೆ.

ಹಳೇ ಸೈಕಲ್ಲಿನ ಹಿಂದೆ ನೂಲಿನ ಗಂಟು ಕಟ್ಟಿಕೊಂಡು ಬರುತ್ತಿದ್ದ ಮುದುಕರೊಬ್ಬರು ಇಳಿದರು. ನೇಕಾರರು; ಆ ತಮಿಳು ಸೀಮೆಯಲ್ಲೂ ಎಷ್ಟೋ ನೇಕಾರರ ಮನೆಮಾತು ಕನ್ನಡ. ನನ್ನ ಗೊಣಗಾಟ ಕೇಳಿಸಿರಬೇಕು, ಟವೆಲ್ ಮುಂದೆ ಕುಕ್ಕರಗಾಲಲ್ಲಿ ಕೂತು, ಟಾರ್ಚು ಒತ್ತಿ ನೋಡಿ, ಕನ್ನಡದಲ್ಲೇ ಕೇಳಿದರು.

"ಇದು ಎಷ್ಟಪ್ಪಾ?"

"ಮಾರಕ್ಕಲ್ಲ ತಾತಾ, ನಂದೇ ಸಾಮಾನು."

"ಎಲ್ಲಾನೂವಾ? ಎಲ್ಲಿಗೆ ಎತ್ಕೊಂಡು ಹೋಗ್ತೀಯ?"

"ಅನ್ನೂರ್ ತನಕ. ಆಮೇಲೆ ವಾಪಸ್ ಮನೆಗೆ."

"ಅಲ್ಲಿ ಯಾರಿಗಾದ್ರೂ ಕೊಡ್ತೀಯಾ?"

"ಇಲ್ಲ."

ಅವರು ನನ್ನನ್ನು ಹೆಲ್ಮೆಟ್ಟಿನಿಂದ ಶೂವರೆಗೆ ನೋಡಿದರು. "ಅಯ್ಯೋ ಪಾವಂ. ನಾನು ಸೀರೆ ಕೊಟ್ಟು ನೂಲು ತರ್ತೀನಿ. ನೀನು ಎತ್ಕೊಂಡು ಹೋದದ್ದನ್ನೇ ತಿರುಗಿ ತರ್ತೀಯಾ?"

ಮಳೆಕೋಟು ಕೊಡವಿದಾಗ ಪ್ಯಾಚು ಉದುರಿತು. ಅದನ್ನು ಹಾಕಿಕೊಂಡು ಅನ್ನೂರು ಮುಟ್ಟಿದವನೇ ಒಂದು ಕುಂಬಳಕಾಯಿ ಕೊಂಡೆ. ಚೀಲದಲ್ಲಿ ಜಾಗವಿರಲಿಲ್ಲ. ಕೊಯಮತ್ತೂರಿನವರೆಗೂ ಅದು ಹ್ಯಾಂಡಲಿಗೆ ನೇತಾಡುತ್ತಾ ನನ್ನ ಮೊಣಕಾಲಿಗೆ ಗುದ್ದುತ್ತಲೇ ಬಂತು.